ಇನ್ನೆರಡು ಬಿಲ್ಲೆ

ಆದವಾನಿ
ಕಾರ್ತಿಕ ಶುದ್ಧ ದಶಮಿ, ೧೯೫೭

ತೀರ್ಥರೂಪ ಅವ್ವನ ಪಾದಗಳಲ್ಲಿ ನಿನ್ನ ಅಂಬೂ ತಲೆಯಿಟ್ಟು ಬೇಡಿಕೊಳ್ಳುವುದು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೂತೆ. ಕೈ ಮುಂದೆ ಹೋಗಲಿಲ್ಲ. ಭಯವಾಗಿದೆ ಅವ್ವಾ. ನಾಳೆ ಬೆಳಿಗ್ಗೆ ಇವರನ್ನು ನಾನೊಬ್ಬಳೇ ಎತ್ತಬೇಕು.

ಹತ್ತಿ ಒತ್ತುವ ಪ್ರೆಸ್ಸಿನಲ್ಲಿ ಬೇಲಿನ ಮೂಟೆಗಳು ಮೈಮೇಲೆ ಉರುಳಿ ಇವರ ಕಾಲುಗಳು ಹೋದಂದಿನಿಂದ ಹಮಾಲಿ ಚಿನ್ನಪ್ಪನೇ ದಿನಾ ಬೆಳಿಗ್ಗೆ ಬಂದು ಎತ್ತಿ, ಹಿತ್ತಲ ಬಾಗಿಲಿನ ಕುರ್ಚಿಗೆ ಕೂರಿಸುತ್ತಿದ್ದ. ಈಗ ಊರಿಗೆ ಹೊಸ ಹತ್ತಿ ಬಂದಿದೆ. ನಸುಕಿನಲ್ಲೇ ಪ್ರೆಸ್ಸಿಗೆ ಹೋಗಬೇಕು, ನಾಳೆಯಿಂದ ಬರಲಾಗುವುದಿಲ್ಲ ಎಂದು ಪಾಪ ಕೈಮುಗಿದು ಹೇಳಿಹೋದ. ಅತ್ತೆಯವರ ವಿಷಯ ನಿನಗೆ ಗೊತ್ತೇ ಇದೆ. ಬೆಳಿಗ್ಗೆ ಸ್ನಾನವಾಯಿತೆಂದರೆ ಮಡಿ. ದೇವರ ನೈವೇದ್ಯ ಮುಗಿಯುವವರೆಗೆ ಹೆತ್ತ ಮಗನನ್ನೂ ಮುಟ್ಟುವ ಹಾಗಿಲ್ಲ. ಇವರ ಬೆಳಗಿನ ಬಹಿರ್ದೆಸೆ ಹೊತ್ತೇರುವವರೆಗೆ ಕಾಯುತ್ತದೆಯೇ?

ಶ್ರಾವಣದಲ್ಲಿ ನೀನು ಬಂದಾಗ ಚಿನ್ನಪ್ಪ ಒಂದು ದಿನ ತಪ್ಪಿಸಿದ್ದ. ನಾನು ಎತ್ತಲು ಹೋಗಿ ನಾವಿಬ್ಬರೂ ನೆಲಕ್ಕೆ ಬಿದ್ದದ್ದು, ಇವರ ಹಣೆ ಒಡೆದದ್ದು, ಎಲ್ಲ ನಿನ್ನ ಕಣ್ಣೆದುರೇ ಆಯಿತು. ತುಳಸಿ ಲಗ್ನ ಮುಗಿದ ಮೇಲೆ ನಿನ್ನ ತಮ್ಮ ವಿಠ್ಠಲನನ್ನು ಕಳಿಸುತ್ತೇನೆ, ನೀನು ತವರಿಗೆ, ಕೌತಾಳಕ್ಕೆ ಬಾ, ಅಳಿಯಂದಿರು ಕರ್ನೂಲಿನ ತಮ್ಮ ಅಣ್ಣನ ಮನೆಗೆ ಹೋಗಲಿ ಎಂದು ನೀನು ಹೇಳಿದೆ. ಇವರು ಮಲಗಿದ್ದಲ್ಲೇ ಅದನ್ನು ಕೇಳಿಸಿಕೊಂಡರು. ಬೇಡ ಎನ್ನಲಿಲ್ಲ. ಎತ್ತಲಾರದ ನಾನಾದರೂ ಯಾವ ಮುಖದಿಂದ ಬೇಡ ಎನ್ನಲಿ?

ನೀನು ಹೋದ ಮೇಲೆ ನಾನೊಂದು ಕೆಲಸ ಮಾಡಿದ್ದೇನೆ. ಓದಿ ಬೈಯಬೇಡ, ಅಥವಾ ಪೂರ್ತಿ ಓದಿ ಆಮೇಲೆ ಬೈ.

ನಮ್ಮ ಹಿತ್ತಲ ಗೋಡೆಯ ಆಚೆ ದಸ್ತಗಿರಮ್ಮನ ಮನೆ. ತೀರಿಹೋದ ಅವಳ ಗಂಡ ಊರ ಹುಡುಗರಿಗೆ ತಾಲೀಮು ಕಲಿಸುತ್ತಿದ್ದ ಉಸ್ತಾದ. ಅವನ ಕಬ್ಬಿಣದ ಕಂಬಿ, ಅದರ ಎರಡು ತುದಿಗೂ ಏರಿಸುವ ತೂತಿನ ಬಿಲ್ಲೆಗಳು ಇನ್ನೂ ಅವಳ ಕೊಟ್ಟಿಗೆಯಲ್ಲಿವೆ. ನಾವು ಬಿದ್ದ ಸದ್ದು ಕೇಳಿ ಅವಳೇ ಗೋಡೆಯ ಮೇಲಿಂದ ಕರೆದಳು. "ನಿನ್ನ ಕೈಯಾಗ ಬಲ ಇಲ್ಲಂತ ಅಲ್ಲವ್ವ, ನಿನಗ ಎತ್ತೂದು ಗೊತ್ತಿಲ್ಲ. ಬೆನ್ನಿಲೆ ಎತ್ತತಿ. ಕಾಲಿಲೆ ಎತ್ತಬೇಕು," ಎಂದಳು.

ಮಧ್ಯಾಹ್ನ ಅತ್ತೆಯವರು ಮಠಕ್ಕೆ ಪುರಾಣ ಕೇಳಲು ಹೋದಾಗ, ಒಂದು ದಿನ ಬಿಟ್ಟು ಒಂದು ದಿನ ಅಲ್ಲಿಗೆ ಹೋಗುತ್ತೇನೆ. ಮೊದಲ ವಾರ ಬರಿಯ ಕಂಬಿ. ಹೆಗಲ ಮೇಲಿಟ್ಟು ಕೂತು ಏಳುವುದು, ನೆಲದಿಂದ ಸೊಂಟದವರೆಗೆ ಎತ್ತುವುದು, ಎದೆಯಿಂದ ತಲೆಯ ಮೇಲಕ್ಕೆ ನೂಕುವುದು, ಇಷ್ಟೇ. ಸಲೀಸಾಯಿತು ಎನ್ನಿಸಿದರೆ ಎರಡು ತುದಿಗೂ ಒಂದೊಂದು ಚಿಕ್ಕ ಬಿಲ್ಲೆ. ನಾನು ಅವಸರ ಮಾಡಿದರೆ ದಸ್ತಗಿರಮ್ಮ ಬಿಲ್ಲೆಯ ಮೇಲೇ ಕೂತುಬಿಡುತ್ತಾಳೆ.

ಕಂಬಿ ಮುಟ್ಟಿದಾಗಲೆಲ್ಲ ನಿನ್ನ ಮಾತು ನೆನಪಾಗುತ್ತದೆ. ಭಾರ ಎತ್ತಿದರೆ ಗರ್ಭ ಜಾರುತ್ತದೆ ಎಂದು ನೀನೇ ಹೇಳುತ್ತಿದ್ದೆಯಲ್ಲ. ಹೆಗಲ ಮೇಲಿಟ್ಟು ಕೂತಾಗ ಇನ್ನು ಏಳುವುದೇ ಇಲ್ಲ ಎನ್ನಿಸುತ್ತದೆ. ಅದಕ್ಕಿಂತ ದೊಡ್ಡ ಭಯ ಅತ್ತೆಯವರದು. ದಸ್ತಗಿರಮ್ಮನ ಮನೆಯಿಂದ ಬಂದವಳು ಸ್ನಾನ ಮಾಡದೆ ಒಳಗೆ ಹೋಗಲಾದೀತೇ? ದಿನಕ್ಕೆ ಎರಡು ಸ್ನಾನ ಯಾಕೆ ಎಂದು ಅವರು ಕೇಳಿದರೆ ಸೆಕೆ ಎನ್ನುತ್ತೇನೆ. ಕಾರ್ತಿಕದಲ್ಲಿ ಎಂಥ ಸೆಕೆ ಅವ್ವಾ!

ಇವರಿಗೆ ಮಾತ್ರ ಎಲ್ಲ ಹೇಳಿದ್ದೇನೆ. ಬೇಡ ಎನ್ನಲಿಲ್ಲ. ಜಡ್ಡುಗಟ್ಟಿದ ನನ್ನ ಅಂಗೈಯನ್ನು ಬೆರಳಿನಿಂದ ಸವರಿದರು. ಅಂದು ಬಿದ್ದ ಮೇಲೆ ಇವರಿಗೆ ದೇವರಲ್ಲಿ ಭಕ್ತಿ ಬಹಳ ಹೆಚ್ಚಿದೆ. ಚಾತುರ್ಮಾಸ್ಯವೆಂದು ಒಪ್ಪತ್ತು ಊಟ ಹಿಡಿದರು; ಆ ಒಂದು ಹೊತ್ತೂ ಎರಡು ತುತ್ತು ಅನ್ನ, ಒಂದು ಲೋಟ ಮಜ್ಜಿಗೆ. ಭಾದ್ರಪದದಲ್ಲಿ ವ್ರತದಂತೆ ಮೊಸರು ನಿಂತಾಗ ಮಜ್ಜಿಗೆಯೂ ಇಲ್ಲ, ಆಶ್ವಯುಜದಲ್ಲಿ ಹಾಲೂ ಇಲ್ಲ. ಮಗನಿಗೆ ಈಗಲಾದರೂ ಆಚಾರ ತಿಳಿಯಿತಲ್ಲ ಎಂದು ಅತ್ತೆಯವರಿಗೆ ಸಂತೋಷ. ನನಗಾಗಿಯೇ ವ್ರತ ಹಿಡಿದಿದ್ದಾರೆ ಎಂದು ನನಗೂ ಧೈರ್ಯ.

ಆ ಧೈರ್ಯವೂ ಈ ಹೊತ್ತು ಕೈಕೊಟ್ಟಿದೆ. ಮೊನ್ನೆ ನೆಲದಿಂದ ಎತ್ತಿದ ಕಂಬಿಯೇ ನಾನು ಇದುವರೆಗೆ ಎತ್ತಿದ ದೊಡ್ಡ ಭಾರ. "ಗಂಡಸಿನ ಭಾರಕ್ಕ ಇನ್ನೂ ಎರಡು ದೊಡ್ಡ ಬಿಲ್ಲೆ ಕಮ್ಮಿ ಐತಿ. ಒಂದು ತಿಂಗಳ ತಡಿ," ಎಂದಳು ದಸ್ತಗಿರಮ್ಮ. ಚಿನ್ನಪ್ಪ ಅಲ್ಲಿಯವರೆಗೆ ತಡೆಯಲಿಲ್ಲವಲ್ಲ. ನಾಳೆ ಮತ್ತೆ ಇವರನ್ನು ಬೀಳಿಸಿದರೆ ನೀನು ಹೇಳಿದಂತೆ ಕೌತಾಳಕ್ಕೆ ಬರುತ್ತೇನೆ, ಮರುಮಾತಿಲ್ಲ. ಬೀಳಿಸದಿದ್ದರೆ ನನ್ನನ್ನು ಕರೆಯಬೇಡ. ನಾಳೆ ಆದದ್ದನ್ನು ಇದರ ಕೆಳಗೇ ಬರೆದು ಅಂಚೆ ಡಬ್ಬಿಗೆ ಹಾಕುತ್ತೇನೆ.

ಇಂತಿ ನಿನ್ನ ಹೆದರುಪುಕ್ಕಲಿ ಮಗಳು,
ಅಂಬೂಬಾಯಿ

ತಾ.ಕ.: ಏಕಾದಶಿ, ಮಧ್ಯಾಹ್ನ.

ಎತ್ತಿದೆ ಅವ್ವಾ. ಕಾಲಿನಿಂದಲೇ ಎತ್ತಿದೆ. ಇವರು ನನ್ನ ಕುತ್ತಿಗೆಗೆ ಕೈ ಹಾಕಿ ಕಣ್ಣು ಮುಚ್ಚಿಕೊಂಡಿದ್ದರು.

ಸಂತೋಷಪಡಬೇಕಿತ್ತು, ಆಗಲಿಲ್ಲ. ಮೊನ್ನೆಯ ಕಂಬಿಯಷ್ಟೂ ಭಾರವಿರಲಿಲ್ಲ ಇವರು. ಕಂಬಿ ಹಿಡಿದ ಕೈಗೆ ತೂಕ ತಿಳಿಯುತ್ತದೆ, ಅದು ಸುಳ್ಳಾಡುವುದಿಲ್ಲ. ಬೆನ್ನ ಕೆಳಗೆ ಕೈಗೆ ಸಿಕ್ಕಿದ್ದು ಬರೀ ಎಲುಬು. ಕುರ್ಚಿಗೆ ಕೂರಿಸಿ, ಇದೇನು ಮಾಡಿಕೊಂಡಿರಿ ಎಂದು ಕೂಗಿಬಿಟ್ಟೆ. ಇವರು ಹೇಳಿದರು: "ವಿಠ್ಠಲ ನಿನ್ನ ಕರಕೊಂಡು ಹೋಗ್ತಾನಂತ ಕೇಳಿದೆನಲ್ಲ, ನನ್ನ ಕೈಲೆ ಆಗೂದು ಇದೊಂದೇ ಇತ್ತು ಅಂಬೂ. ನೀ ಬಲ ಮಾಡಿಕೋತಿದ್ದಿ, ನಾ ಭಾರ ಇಳಿಸಿಕೊಂಡೆ."

ಹಿಂದೆ ತಿರುಗಿದರೆ ದೇವರ ಕೋಣೆಯ ಬಾಗಿಲಲ್ಲಿ ಅತ್ತೆಯವರು, ಮಡಿಯುಟ್ಟು, ಕೈಯಲ್ಲಿ ಆರತಿ ಹಿಡಿದು. ಎಲ್ಲ ಕೇಳಿಸಿತ್ತು. ಅವರು ಆರತಿ ಕೆಳಗಿಟ್ಟು ಒಳಗೆ ಹೋಗಿ ಒಲೆ ಹೊತ್ತಿಸಿದರು. ನೀರೂ ಗಂಟಲಿಗೆ ಇಳಿಸದ ಉತ್ಥಾನ ಏಕಾದಶಿಯ ದಿನ ಅನ್ನಕ್ಕೆ ಇಟ್ಟರು. ಆಮೇಲೆ ಅದೇ ಮಡಿಯಲ್ಲಿ ಮಗನ ಪಕ್ಕ ಕೂತು, ತುಪ್ಪ ಕಲಸಿ ಬಾಯಿಗಿಟ್ಟರು. ಇವರು, ಇವತ್ತು ಏಕಾದಶಿ ಎಂದರು. "ಏಕಾದಶಿ ಮತ್ತ ಬರ್ತದ, ಬಾಯಿ ತೆಗಿ," ಎಂದರು ಅತ್ತೆಯವರು. ನನ್ನ ಕಡೆ ತಿರುಗಿ, ಆ ಎರಡನೇ ಸ್ನಾನ ಇನ್ನು ಬಿಸಿನೀರಿನಲ್ಲೇ ಮಾಡು ಎಂದರು.

ವಿಠ್ಠಲ ಬರುವುದಾದರೆ ಬರಲಿ, ಕೈಯಲ್ಲಿ ತುಪ್ಪದ ಡಬ್ಬಿಯಿರಲಿ. ಭಯ ಇನ್ನೂ ಹೋಗಿಲ್ಲ ಅವ್ವಾ. ಇವರು ಉಣ್ಣತೊಡಗಿದ್ದಾರೆ. ಇವರ ಮೈ ತುಂಬುವುದರೊಳಗೆ ನಾನು ಆ ಎರಡು ಬಿಲ್ಲೆ ಏರಿಸಿರಬೇಕು.