ತಾಯಿ ಲಕೋಟೆ

ಶನಿವಾರ, ಸಂಜೆ ಐದು ಗಂಟೆ
ಮೆಟ್ಟಿಲ ಕೆಳಗಿನ ಕೋಣೆ

ನನ್ನ ಪುಟ್ಟಿಗೆ,

ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಮೂರು ವಾರದಿಂದ ಬರೆಯಬೇಕೆಂದು ಕೂರುತ್ತೇನೆ, ಏಳುತ್ತೇನೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಒಂದೇ ಕಟ್ಟಡದಲ್ಲಿದ್ದುಕೊಂಡು ಅಂಚೆಗೆ ಹಾಕುತ್ತಾಳಲ್ಲ, ಇವಳಿಗೆ ತಲೆ ಕೆಟ್ಟಿದೆ ಎನ್ನಲೂ ಬೇಡ. ಮೂರನೇ ಮಹಡಿಗೆ ಹತ್ತಲು ಮಂಡಿ ಒಪ್ಪುತ್ತಿಲ್ಲ.

ಸೋಮವಾರ ನಿನ್ನ ಪಿಎಚ್‌ಡಿ ಪರೀಕ್ಷಕರು ತಲೆಯಾಡಿಸಿದರೆ ನೀನು ಡಾಕ್ಟರ್. ನಿಮ್ಮಮ್ಮ ನಿನ್ನನ್ನು ನನ್ನ ಮಡಿಲಿಗೆ ಹಾಕಿ ಕಣ್ಣು ಮುಚ್ಚಿದಾಗ ನಿನಗೆ ಎರಡು ವರ್ಷ. ನಿನ್ನ ಶಾಲೆಯ ಪುಸ್ತಕದಲ್ಲೇ ನಾನೂ ಅಕ್ಷರ ಕಲಿತೆ. ನೆನಪಿದೆಯೇ? "ಥೈಲಕಾಯ್ಡ್ ಅನ್ನು ದೊಡ್ಡಮ್ಮಾ" ಎಂದು ನೀನು, "ತಾಯಿ ಲಕೋಟೆ" ಎಂದು ನಾನು. ನಕ್ಕೂ ನಕ್ಕೂ ನಿನಗೆ ಬಿಕ್ಕಳಿಕೆ ಹತ್ತಿತ್ತು.

ನಾನು ಅಂದದ್ದರಲ್ಲಿ ತಪ್ಪೇನಿತ್ತು, ಹೇಳು? ಎಲೆಯ ಹಸಿರು ಕಣದೊಳಗೆ ಈ ಥೈಲಕಾಯ್ಡ್‌ಗಳು ಚಪ್ಪಟೆ ಲಕೋಟೆಗಳ ಹಾಗೆ ಒಂದರ ಮೇಲೊಂದು ಅಟ್ಟಿಯಾಗಿ ಕೂತಿರುತ್ತವೆ. ಈ ಲ್ಯಾಬಿನಲ್ಲಿ ಗಾಜು ತೊಳೆಯಲು ಸೇರಿದ ನಾನು ನೋಡಿ ನೋಡಿಯೇ ಸೂಕ್ಷ್ಮದರ್ಶಕಕ್ಕೆ ಎಲೆಯನ್ನು ತೆಳ್ಳಗೆ ಕೊಯ್ಯಲು ಕಲಿತು, ಇಪ್ಪತ್ತೆರಡು ವರ್ಷದಿಂದ ಅವನ್ನು ನೋಡುತ್ತಿದ್ದೇನೆ. ನೆರಳಿನ ಎಲೆಯಲ್ಲಿ ಅಟ್ಟಿ ಎತ್ತರ, ಬಿಸಿಲಿನದರಲ್ಲಿ ಗಿಡ್ಡ. ನೀನು ಸಂಶೋಧನೆಗೆ ಬೆಳೆಸಿದ ಗಿಡ ಮಾತ್ರ ಸುಡುಬಿಸಿಲಲ್ಲೂ ಎತ್ತರದ ಅಟ್ಟಿ ಕಟ್ಟಿತು. ಎಲ್ಲರೂ ಬೆರಗಾದರು. ಆ ಒಂದು ಚಿತ್ರದ ಮೇಲೆ ನಿನ್ನ ಇಡೀ ಪ್ರಬಂಧ ನಿಂತಿದೆ.

ಆ ಚಿತ್ರದ ಎಲೆಯನ್ನು ಕೊಯ್ದವಳೂ ನಾನೇ. ವಜ್ರದ ಅಲುಗಿನಿಂದ ಜಾರಿ ನೀರಿನ ಮೇಲೆ ಬೆಳ್ಳಿಯ ಹಾಗೆ ತೇಲುವ ಚೂರನ್ನು, ಕಡ್ಡಿಗೆ ಅಂಟಿಸಿದ ರೆಪ್ಪೆಗೂದಲಿನಿಂದ ತಳ್ಳಿ, ಸೂಕ್ಷ್ಮದರ್ಶಕದೊಳಗೆ ಇಡುವ ಪುಟ್ಟ ಜಾಲರಿಗೆ ಏರಿಸಿದೆ. ಆ ಕೂದಲು ನಿನ್ನದೇ. ನಿನಗೆ ಜ್ವರ ಬಂದಾಗ ದಿಂಬಿನ ಮೇಲೆ ಉದುರಿದ್ದು.

ಮೂರು ವಾರದ ಹಿಂದೆ, ನಿನ್ನ ಚಹಾಕೂಟದ ದಿನ, ಇಸ್ತ್ರಿ ಮಾಡಿದ್ದನ್ನು ಉಟ್ಟು ಮೇಲೆ ಬಂದೆ. ನಿನ್ನ ಕಿವಿಯಲ್ಲಿ ಒಂದು ಮಾತು ಹೇಳುವುದಿತ್ತು. ನಿನಗೆ ಅತ್ತೆಯಾಗುವವರು ನನ್ನನ್ನು ನೋಡಿ, "ಇವರು ನಿನಗೆ ಏನಾಗ್ಬೇಕಮ್ಮ?" ಎಂದು ಕೇಳಿದರು.

ನೀನು ನಕ್ಕೆ. "ಏನೂ ಆಗ್ಬೇಕಿಲ್ಲ ಆಂಟಿ, ಗಾಜು ತೊಳೆಯೋರು. ಪಾಪ, ಎಲ್ರನ್ನೂ ಮಗಳೇ ಅಂತಾರೆ."

ಆಮೇಲೆ ನನ್ನ ಕಡೆ ತಿರುಗಿ, "ನೋಡೀಮ್ಮಾ, ಈ ಲೋಟ ಎಲ್ಲ ಕೆಳಗೆ ತಗೊಂಡ್ಹೋಗಿ."

ಹನ್ನೊಂದು ಲೋಟ. ಒಂದೂ ಒಡೆಯಲಿಲ್ಲ.

ಇರಲಿ ಬಿಡು. ಹೊತ್ತಿಗೆ ಸರಿಯಾಗಿ ಉಣ್ಣು. ಓದುವಾಗ ಕಣ್ಣು ಉಜ್ಜಬೇಡ, ರೆಪ್ಪೆ ಉದುರುತ್ತದೆ. ನಿನ್ನ ನೆತ್ತಿ ತಂಪಾಗಿರಲಿ, ನಿಂತ ನೆಲ ಗಟ್ಟಿಯಾಗಿರಲಿ.

ಇಂತಿ,
ನಿನ್ನ ದೊಡ್ಡಮ್ಮ

ಮರೆತಿದ್ದೆ: ಅವತ್ತು ಹೇಳಬೇಕಿದ್ದದ್ದು ಇಷ್ಟೇ. ನೀನು ಎಲೆ ಕಳಿಸಿದ ಡಬ್ಬಿಗಳ ಮೇಲೆ ಬರೀ "ಎ", "ಬಿ" ಎಂದಿತ್ತು. ಬಿ ಅಂದರೆ ಬಿಸಿಲು ಎಂದುಕೊಂಡು ನಾನು ಚಿತ್ರಗಳ ಮೇಲೆ ಹಾಗೇ ಬರೆದುಕೊಟ್ಟೆ. ಆಮೇಲೆ ಡ್ರಾಯರ್ ಒರೆಸುವಾಗ ನಿನ್ನ ಕೈಬರಹದ ಚೀಟಿ ಸಿಕ್ಕಿತು: ಎ ಬಿಸಿಲಿನದು, ಬಿ ನೆರಳಿನದು. ನಿನ್ನ ಗಿಡವೂ ಎಲ್ಲ ಗಿಡಗಳ ಹಾಗೇ, ಪುಟ್ಟಿ. ತಿದ್ದಿಕೊಳ್ಳಲು ಆಗ ಮೂರು ವಾರವಿತ್ತು. ಈ ಕಾಗದ ನಿನ್ನ ಕೈಸೇರುವುದು ಮಂಗಳವಾರ. ಚೀಟಿಯನ್ನು, ಇವತ್ತು ಲ್ಯಾಬ್ ನೋಡಲು ಬಂದಿದ್ದ ಪರೀಕ್ಷಕರ ಕೈಗೇ ಕೊಟ್ಟೆ. ಅವರು ಎರಡು ಸಲ ಓದಿ, "ಆ ಹುಡುಗಿಗೆ ನೀವು ಏನಾಗ್ಬೇಕು?" ಎಂದು ಕೇಳಿದರು.

"ಏನೂ ಆಗ್ಬೇಕಿಲ್ಲ ಸ್ವಾಮಿ, ಗಾಜು ತೊಳೆಯೋಳು" ಅಂದೆ.