ಎರಡು ಆಟಿನ್

ಭಾನುವಾರ, ಮಧ್ಯಾಹ್ನ

ನಾಲ್ಕನೆಯ ಕೈಗೆ,

ನಿಮ್ಮ ಮನೆಯವರು ನಿಮಗಿಟ್ಟ ಹೆಸರಿನಿಂದಲೇ ಶುರು ಮಾಡುತ್ತಿದ್ದೇನೆ. ಬೇರೆ ಏನು ಬರೆದರೂ ಅದಕ್ಕೆ ಈಗ ನನಗೆ ಹಕ್ಕಿದೆಯೇ ಎಂದು ಯೋಚಿಸುತ್ತ ಕೂರಬೇಕಾಗುತ್ತದೆ. ಬ್ರಿಜ್ ಆಟಕ್ಕೆ ಒಬ್ಬರು ಕಡಿಮೆ ಬಿದ್ದಾಗಲೆಲ್ಲ, ಓದುತ್ತಿದ್ದರೂ ಸರಿ, ಟವೆಲ್ ಹೊದ್ದು ಸ್ನಾನಕ್ಕೆ ಹೊರಟಿದ್ದರೂ ಸರಿ, ನಿಮ್ಮನ್ನು ಎಳೆದು ತಂದು ಕೂರಿಸುತ್ತಿದ್ದರಂತಲ್ಲ. ಮಾವ ಇವತ್ತಿಗೂ ನಿಮ್ಮ ವಿಷಯ ಬಂದರೆ ‘ನಾಲ್ಕನೆಯ ಕೈ’ ಎಂದೇ ಅನ್ನುವುದು.

ಗಾಬರಿಯಾಗಬೇಡಿ. ಯಾರೂ ಬಿದ್ದಿಲ್ಲ, ಯಾರೂ ಆಸ್ಪತ್ರೆಯಲ್ಲಿಲ್ಲ. ನಿಮ್ಮನ್ನು ಒಂದು ಪ್ರಶ್ನೆ ಕೇಳಬೇಕಿತ್ತು. ಆಟಕ್ಕೆ ಸಂಬಂಧಿಸಿದ ಪ್ರಶ್ನೆ, ಆದರೆ ನಿಮ್ಮನ್ನು ಬಿಟ್ಟರೆ ಉತ್ತರ ಗೊತ್ತಿರಬಹುದಾದವರು ಯಾರೂ ಉಳಿದಿಲ್ಲ. ಫೋನಿನಲ್ಲೇ ಕೇಳಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ ಬಹಳ ಬೇಗ ಸಭ್ಯರಾಗಿಬಿಡುತ್ತೇವೆ.

ನೀವು ಈ ಊರು ಬಿಟ್ಟ ಮೇಲೂ ನಾನು ನಿಮ್ಮ ತಂದೆಯ ಪಾರ್ಟ್ನರ್ ಆಗಿಯೇ ಉಳಿದೆ. ಗೊತ್ತಿದ್ದೂ ನೀವು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದಕ್ಕೆ ಧನ್ಯವಾದ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಗಂಡನಿಂದ ದೂರವಾದವಳು ಗಂಡನ ಅಪ್ಪನ ಎದುರು ಇಸ್ಪೀಟಿನ ಎಲೆ ಹಿಡಿದು ಕೂರುವುದು ಕ್ಲಬ್ಬಿನಲ್ಲಿ ಕೆಲವರಿಗೆ ತಮಾಷೆ, ಕೆಲವರಿಗೆ ಇರುಸುಮುರುಸು. ನನಗೆ ಅದು ಶನಿವಾರ, ಅಷ್ಟೆ. ವಾರವಿಡೀ ಲ್ಯಾಬಿನಲ್ಲಿ ನನ್ನ ಮುಂದಿರುವುದು ಪ್ಲಾಸ್ಟರಿನ ದವಡೆಗಳು. ಯಾರದೋ ಬಾಯಿಯ ಅಚ್ಚು, ಅದಕ್ಕೊಂದು ನಂಬರಿನ ಚೀಟಿ. ಹಲ್ಲು ಕೂರಿಸುತ್ತೇನೆ, ಉಜ್ಜುತ್ತೇನೆ, ಡಬ್ಬಿಗೆ ಹಾಕುತ್ತೇನೆ. ಅಷ್ಟೊಂದು ಬಾಯಿಗಳು, ಎಲ್ಲವೂ ಸುಮ್ಮನೆ ತೆರೆದುಕೊಂಡಿರುತ್ತವೆ. ಶನಿವಾರ ಸಂಜೆ ಮಾತ್ರ ಎದುರಿಗೆ ಕೂತ ಒಬ್ಬರು ನಾನೇನು ಹೇಳುತ್ತೇನೆ ಎಂದು ಕಾಯುತ್ತಾರೆ. ಹೇಳುವುದು ಬರೀ ‘ಪಾಸ್’ ಆದರೂ ಕಾಯುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನೀವು ಆಟ ಬಿಟ್ಟ ಮೇಲೆ, ಕೈಯಲ್ಲಿ ಯಾವ ಎಲೆಯಿದೆ ಎಂದು ಪಾರ್ಟ್ನರ್‌ಗೆ ಸೂಚಿಸಲು ಬಿಡ್ ಹೇಳುವ ರೀತಿ ಬದಲಾಗಿದೆ, ಹಾಗಾಗಿ ಸ್ವಲ್ಪ ವಿವರಿಸಬೇಕು. ನಾನು ‘ಒನ್ ನೋ ಟ್ರಂಪ್’ ಎಂದು ಶುರು ಮಾಡಿದಾಗ ಪಾರ್ಟ್ನರ್ ‘ಟೂ ಹಾರ್ಟ್ಸ್’ ಎಂದರೆ, ಅವರ ಹತ್ತಿರ ಹಾರ್ಟ್ಸ್ ಇದೆ ಎಂದು ಅರ್ಥವಲ್ಲ. ಸ್ಪೇಡ್ಸ್ ಇದೆ ಎಂದರ್ಥ. ನಾನು ಎದುರಾಳಿಗಳಿಗೆ ಬಾಯಿಬಿಟ್ಟು ‘ಸ್ಪೇಡ್ಸ್’ ಎಂದು ತಿಳಿಸಿ, ‘ಟೂ ಸ್ಪೇಡ್ಸ್’ ಎಂದು ಉತ್ತರಿಸಬೇಕು. ಈಗ ಎಲ್ಲರೂ ಆಡುವುದು ಹೀಗೇ. ನನಗೆ ಇದನ್ನು ಕಲಿಸಿದ್ದೂ ಮಾವನೇ. ಜೊತೆಗೆ ಕಲಿಸಿದ ಇನ್ನೊಂದು ಪಾಠ: “ನಮ್ಮಿಬ್ಬರಿಗೆ ಗೊತ್ತಿರೋದೆಲ್ಲ ಎದುರಾಳಿಗೂ ಗೊತ್ತಿರ್ಬೇಕಮ್ಮಾ. ಇಬ್ಬರ ಮಧ್ಯೆ ಗುಟ್ಟು ಇಟ್ಕೊಂಡ್ರೆ ಅದು ಆಟ ಅಲ್ಲ, ಕಳ್ಳತನ.” ಪಾರ್ಟ್ನರ್‌ನ ಮುಖ ನೋಡಬಾರದು, ಅವರು ಎಷ್ಟು ಹೊತ್ತು ಯೋಚಿಸಿದರು ಎಂದು ಗಮನಿಸಬಾರದು, ಬಾಯಲ್ಲಿ ಹೇಳುವ ಬದಲು ಮೇಜಿನ ಮೇಲಿಡುವ, ಬಿಡ್ ಬರೆದ ಕಾರ್ಡನ್ನಷ್ಟೇ ನಂಬಬೇಕು.

ಈಚೆಗೆ ಮಾವ ಮರೆಯುತ್ತಿದ್ದಾರೆ. ಯಾವಾಗಲೂ ಅಲ್ಲ. ಮೊದಲ ಅರ್ಧದಲ್ಲಿ ಬ್ಲೇಡಿನ ಹಾಗಿರುತ್ತಾರೆ. ನಡುವೆ ಟೀ ಕುಡಿದು ಬಂದು ಕೂತ ಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಹೊಸದೆಲ್ಲ ಹೊರಟುಹೋಗುತ್ತದೆ, ಅತ್ತೆ ಬದುಕಿದ್ದಾಗ ಅವರ ಜೊತೆ ಆಡುತ್ತಿದ್ದ ಹಳೆಯ ಕ್ರಮ ಉಳಿದುಕೊಳ್ಳುತ್ತದೆ. ಆ ಕ್ರಮದಲ್ಲಿ ಟೂ ಹಾರ್ಟ್ಸ್ ಎಂದರೆ ಹಾರ್ಟ್ಸ್. ಅವರ ಬಾಯಲ್ಲಿ ಹೇಳುವುದಾದರೆ ಎರಡು ಆಟಿನ್.

ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಇದು ಯಾವ ತಿಂಗಳು ಎಂದು ಅವರು ಕೇಳಿದರೆ ಮಾವ ಗೋಡೆ ನೋಡಿ, “ನಿಮ್ಮ ಕ್ಯಾಲೆಂಡರ್ ಇನ್ನೂ ಹೋದ ತಿಂಗಳಲ್ಲೇ ಇದೆ, ಮೊದಲು ಅದನ್ನ ತಿರುಗಿಸಿ” ಎಂದರು. ಡಾಕ್ಟರು ನಕ್ಕರು. ತಾವೂ ಅರಿವಳಿಕೆಯ ಡಾಕ್ಟರಾಗಿದ್ದವರಲ್ಲವೇ, ಎಂಥ ಪ್ರಶ್ನೆ ಬರುತ್ತದೆಂದು ಗೊತ್ತು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ನನ್ನನ್ನು ಕೇಳಿದರು: “ಇಲ್ಲಿಗೆ ಯಾರನ್ನ ತೋರಿಸೋಕೆ ಬಂದಿದ್ವಿ?”

ಹೋದ ತಿಂಗಳು ನಗರ ಚಾಂಪಿಯನ್‌ಶಿಪ್ಪಿನ ಕೊನೆಯ ಸುತ್ತು. ಪೀಠೋಪಕರಣದ ಅಂಗಡಿಯ ಮೇಲಿನ ಅದೇ ಹಾಲ್, ಅದೇ ಕುಂಟು ಕಾಲಿನ ಮೇಜು. ಎದುರಾಳಿಗಳು ನೋಟರಿ ಮತ್ತು ಅವರ ತಂಗಿ. ನಾನು ಒನ್ ನೋ ಟ್ರಂಪ್ ಎಂದೆ. ಮಾವ ಟೂ ಹಾರ್ಟ್ಸ್ ಕಾರ್ಡನ್ನು ಮೇಜಿನ ಮೇಲಿಟ್ಟರು. “ಸ್ಪೇಡ್ಸ್” ಎಂದು ನಾನು ಜೋರಾಗಿ ಹೇಳಿದೆ, ಹೇಳಲೇಬೇಕು. ನನ್ನ ಕೈಯಲ್ಲಿ ಸ್ಪೇಡ್ಸೂ ಮೂರು, ಹಾರ್ಟ್ಸೂ ಮೂರು. ಎಲೆಗಳು ನನಗೆ ಏನೂ ಹೇಳುತ್ತಿರಲಿಲ್ಲ. ನೋಟರಿಯ ತಂಗಿ ಪಾಸ್ ಎಂದಳು. ಟೀ ಮುಗಿದು ಬಹಳ ಹೊತ್ತಾಗಿತ್ತು. ನಾನು ಟೂ ಸ್ಪೇಡ್ಸ್ ಕಾರ್ಡಿಗೆ ಕೈ ಹಾಕಿದವಳು ಪಾಸ್ ಕಾರ್ಡನ್ನು ತೆಗೆದಿಟ್ಟೆ, ಅಂದರೆ ಅವರ ಹಾರ್ಟ್ಸನ್ನು ಹಾರ್ಟ್ಸ್ ಎಂದೇ ಒಪ್ಪಿಕೊಂಡೆ.

ಮಾವನ ಕೈಯಲ್ಲಿ ಆರು ಹಾರ್ಟ್ಸ್ ಇದ್ದವು, ಸ್ಪೇಡ್ ಒಂದೇ ಒಂದು. ಎಷ್ಟು ಚೆನ್ನಾಗಿ ಆಡಿದರು ಅಂತೀರಿ! ಎಲೆ ಆಡುವುದರಲ್ಲಿ ಈಗಲೂ ಅವರನ್ನು ಯಾರೂ ಮುಟ್ಟಲಾರರು. ಆಟ ಮುಗಿದದ್ದೇ ನೋಟರಿ ಕೈಯೆತ್ತಿ ಟೂರ್ನಮೆಂಟ್ ಡೈರೆಕ್ಟರನ್ನು ಕರೆದರು. ಡೈರೆಕ್ಟರು ವಾರದ ದಿನಗಳಲ್ಲಿ ಶಾಲೆಯ ಕೆಮಿಸ್ಟ್ರಿ ಮೇಷ್ಟ್ರು, ಕೆಡುಕಿಲ್ಲದ ಮನುಷ್ಯ.

“ಮೇಡಂ, ನೀವೇ ಸ್ಪೇಡ್ಸ್ ಅಂತ ಹೇಳಿ, ನೀವೇ ಪಾಸ್ ಮಾಡಿದ್ರಿ. ಯಾಕೆ?”

“ಹಾಗನ್ನಿಸ್ತು.”

“ಹಾಗನ್ನಿಸೋಕೆ ಏನೋ ಒಂದು ಕಾರಣ ಇರ್ಬೇಕಲ್ಲ?”

“ಒಂದೇ ಮನೆಯವರಲ್ವಾ, ಕಣ್ಣಲ್ಲೇ ಎಲ್ಲ ಮುಗಿದುಹೋಗುತ್ತೆ” ಎಂದರು ನೋಟರಿ.

ಮಾವ ತಿರುಗಿದರು. “ನೋಟರಿಗಳೇ, ಇವಳ ಕಣ್ಣು ಕಾಣೋವಷ್ಟು ಪವರ್ ನನ್ನ ಕನ್ನಡಕಕ್ಕಿಲ್ಲ. ನೀವೊಂದು ಸೀಲು ಒತ್ತಿ ಕೊಡಿ, ಆಗ ಕಾಣುತ್ತೇನೋ ನೋಡೋಣ.” ಪಕ್ಕದ ಮೇಜಿನವರೂ ನಕ್ಕರು. ತಾವು ಎಲ್ಲಿ ತಪ್ಪಿದೆವು ಎಂದು ಮಾವನಿಗೆ ಗೊತ್ತೇ ಆಗಿರಲಿಲ್ಲ.

ದೂರು ಸಮಿತಿಗೆ ಹೋಯಿತು. ನನಗಿದ್ದದ್ದು ಎರಡೇ ದಾರಿ. ಕಾರಣ ಹೇಳದಿದ್ದರೆ ನಾವಿಬ್ಬರೂ ಗುಟ್ಟಿನ ಸನ್ನೆ ಮಾಡುವ ಕಳ್ಳರು. ಆಟದಿಂದ ಹೊರಕ್ಕೆ, ಬೋರ್ಡಿನ ಮೇಲೆ ನೋಟಿಸು. ಆ ಕ್ಲಬ್ಬನ್ನು ಕಟ್ಟಿದವರಲ್ಲಿ ಮಾವನೂ ಒಬ್ಬರು. ಕಾರಣ ಹೇಳಿದರೆ, ಅವರು ಮರೆಯುತ್ತಾರೆ ಎಂಬುದನ್ನು ಅವರ ಎದುರಿಗೇ, ಅವರು ಮೊದಲ ಸಲ ಕೇಳಿಸಿಕೊಳ್ಳುವಂತೆ ಹೇಳಬೇಕು. ಎರಡರಲ್ಲಿ ಯಾವುದಾದರೂ ಶನಿವಾರ ಮುಗಿಯುತ್ತದೆ.

ವಿಚಾರಣೆಗೆ ಮುಂಚೆ ನೋಟರಿಯ ತಂಗಿ ಲ್ಯಾಬಿಗೆ ಬಂದಿದ್ದಳು. ಬೆಂಚಿನ ಮೇಲಿದ್ದ ದವಡೆಯೊಂದನ್ನು ಎತ್ತಿ ನೋಡಿ, ಕೆಳಗಿಟ್ಟು, “ನಮ್ಮಣ್ಣ ಹಟಮಾರಿ ಕಣ್ರೀ. ನೀವು, ನಾನೇ ಮರೆತುಬಿಟ್ಟೆ ಅಂದ್ಬಿಡಿ. ಮರೆಯೋದು ತಪ್ಪಲ್ವಲ್ಲ, ಯಾರಿಗೂ ಶಿಕ್ಷೆ ಇಲ್ಲ” ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು ಅಂತ ಕಾಣುತ್ತದೆ. ಬಹುಶಃ ಎಲ್ಲರಿಗೂ.

ನಿನ್ನೆ ಮಧ್ಯಾಹ್ನ ವಿಚಾರಣೆ. ಹಳೆಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಒಳಗಿನ ಕೋಣೆ. ಸಮಿತಿಯ ಅಧ್ಯಕ್ಷೆ ಕಣ್ಣಿನ ಡಾಕ್ಟರು, ಮಾತು ಕಡಿಮೆ. ಮಾವ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದಿದ್ದರು, ಏನೋ ಸನ್ಮಾನ ಎಂದುಕೊಂಡಿದ್ದರೋ ಏನೋ.

ನಾನು ಹೇಳಿದೆ: “ನಾನು ಮರೆತೆ. ಟೂ ಹಾರ್ಟ್ಸ್ ಅಂದ್ರೆ ಹಾರ್ಟ್ಸ್ ಅಂತಲೇ ಅಂದುಕೊಂಡೆ.”

“ಬಾಯಲ್ಲಿ ಸ್ಪೇಡ್ಸ್ ಅಂದು, ಕಾರ್ಡಿಗೆ ಕೈ ಹಾಕೋ ಹೊತ್ತಿಗೆ ಮರೆತ್ರಾ?” ಅಧ್ಯಕ್ಷೆಯ ದನಿಯಲ್ಲಿ ವ್ಯಂಗ್ಯವಿರಲಿಲ್ಲ.

“ಹೌದು.”

ನೋಟರಿ ಸೀನಿದರು, ಅಥವಾ ನಕ್ಕರು. ಅಷ್ಟು ಹೊತ್ತೂ ಮಾವ ನಾಲ್ಕೂ ಕೈಗಳ ಎಲೆ ಬರೆದಿದ್ದ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ತಮ್ಮದೇ ಆಟ ಎಂದು ಗುರುತು ಸಿಕ್ಕಿರಲಿಲ್ಲ. ಯಾರೋ ಅಭಿಪ್ರಾಯ ಕೇಳಲು ಕರೆದಿದ್ದಾರೆ ಎನ್ನುವ ಗಾಂಭೀರ್ಯ. ಹಾಳೆಯನ್ನು ಮೇಜಿನ ಮೇಲಿಟ್ಟು, ಬೆರಳಿನಿಂದ ತಟ್ಟಿ ಹೇಳಿದರು: “ಇದರಲ್ಲೇನು ಜಗಳ? ಈ ಮನುಷ್ಯನ ಹತ್ರ ಆರು ಆಟಿನ್ ಇದೆ. ಎರಡು ಆಟಿನ್ ಅಂದಿದ್ದಾನೆ. ಎದುರಿಗಿರೋಳು ಒಪ್ಪಿಕೊಂಡು ಸುಮ್ಮನಾಗಿದ್ದಾಳೆ. ಇವರಿಬ್ಬರೂ ಚೆನ್ನಾಗಿ ಆಡ್ತಾರಪ್ಪ. ಯಾರಿವರು?”

ನೋಟರಿ ತಮ್ಮ ಪೆನ್ನಿನ ಕ್ಯಾಪನ್ನು ಹಾಕುತ್ತ ತೆಗೆಯುತ್ತ ಕೂತರು. ಆಮೇಲೆ ಎದ್ದು, ದೂರು ಹಿಂದಕ್ಕೆ ತಗೋತೀನಿ ಎಂದರು. ಮಾವನ ಹತ್ತಿರ ಬಂದು, “ಮುಂದಿನ ವಾರ ಸಿಗ್ತೀರಲ್ಲ ಸಾರ್?” ಎಂದು ಕೈ ಕುಲುಕಿದರು. ಅವರ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ.

ಆ ಆಟದ ಅಂಕ ರದ್ದಾಯಿತು, ಶಿಕ್ಷೆ ಇಲ್ಲ. ಬಾಗಿಲ ಹತ್ತಿರ ಅಧ್ಯಕ್ಷೆ ನನ್ನನ್ನು ನಿಲ್ಲಿಸಿದರು. “ನೀವು ಇದೇ ಕ್ರಮದಲ್ಲಿ ಆಡೋದಾದ್ರೆ, ಪ್ರತಿ ಮೇಜಿನಲ್ಲೂ ಕೂತ ತಕ್ಷಣ ಹೇಳ್ಬೇಕು, ನನ್ನ ಪಾರ್ಟ್ನರ್ ಕೆಲವು ಸಲ ಮರೀತಾರೆ ಅಂತ. ಅವರ ಎದುರಿಗೇ. ನಿಮಗೆ ಗೊತ್ತಲ್ಲ, ನಿಯಮ ಅದು.” ಗೊತ್ತು. ನನಗೆ ಅದನ್ನು ಕಲಿಸಿದವರು ಆಗ ಮೆಟ್ಟಿಲ ಹತ್ತಿರ ನಿಂತು, ತಮ್ಮ ಚಪ್ಪಲಿ ಯಾವುದೆಂದು ಹುಡುಕುತ್ತಿದ್ದರು.

ಇದನ್ನೆಲ್ಲ ನಿಮಗೆ ಮೊದಲೇ ತಿಳಿಸಬೇಕಿತ್ತು ಎನ್ನುತ್ತೀರಿ. ತಿಳಿಸಿದ್ದರೆ ನೀವು ಒಳ್ಳೆಯ ಮಗನಂತೆ ಬಂದು ಅವರನ್ನು ಕರೆದುಕೊಂಡು ಹೋಗುತ್ತಿದ್ದಿರಿ. ಅದು ಸರಿಯಾದ ಕೆಲಸವೂ ಆಗಿರುತ್ತಿತ್ತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಇವತ್ತು ಬೆಳಿಗ್ಗೆ ಅವರ ಮನೆಗೆ ಹೋದೆ. ಬಾಲ್ಕನಿಯಲ್ಲಿ ಎಲೆ ಹರಡಿಕೊಂಡು ಕೂತಿದ್ದರು. “ಮಾವ, ನಾವು ಇನ್ಮೇಲೆ ಹಳೇ ಕ್ರಮದಲ್ಲೇ ಆಡೋಣ, ನೀವೂ ಅತ್ತೆಯೂ ಆಡ್ತಿದ್ದ ಹಾಗೆ. ನನಗೆ ಮೊದಲಿಂದ ಹೇಳಿಕೊಡಿ” ಎಂದೆ. ಅವರು ಆಶ್ಚರ್ಯದಿಂದ ನೋಡಿದರು. “ಅದನ್ನ ಬಿಟ್ಟು ಬೇರೆ ಯಾವುದಿದೆ?”

ಹಳೆಯ ಕ್ರಮ ತೂತುಗಳಿರುವ ಕ್ರಮ. ಈಗಿನವರು ಆ ತೂತುಗಳಲ್ಲೇ ನಮ್ಮನ್ನು ಹೊಡೆಯುತ್ತಾರೆ. ಪಟ್ಟಿಯಲ್ಲಿ ನಾವು ಕೆಳಗಿನಿಂದ ಎಣಿಸಬೇಕಾದ ಜಾಗದಲ್ಲಿರುತ್ತೇವೆ. ಇರಲಿ. ಎರಡು ಆಟಿನ್ ಎಂದರೆ ಎರಡು ಆಟಿನ್ ಎಂದು ನಾನು ಎದುರಾಳಿಗೆ ಹೇಳುತ್ತೇನೆ, ಅದು ನಿಜವೂ ಆಗಿರುತ್ತದೆ. ಮಾವ ತಪ್ಪುವುದಿಲ್ಲ, ನಾನು ಕದಿಯಬೇಕಾಗಿಲ್ಲ. ಮಧ್ಯಾಹ್ನದವರೆಗೂ ಹೇಳಿಕೊಟ್ಟರು. ಒಂದು ಸಲವೂ ತಡವರಿಸಲಿಲ್ಲ. ಬಾಲ್ಕನಿಯ ಬಿಸಿಲು ಮೇಜಿನಿಂದ ಅವರ ಮೊಣಕಾಲಿಗೆ ಇಳಿಯಿತು. ನಾನು ಕಾಲೇಜಿನ ಹುಡುಗಿಯ ಹಾಗೆ ಪುಟದ ಮೇಲೆ ಪುಟ ಬರೆದುಕೊಂಡೆ.

ಒಂದು ಕಡೆ ಮಾತ್ರ ಸಿಕ್ಕಿಬಿದ್ದೆವು. ಅದೇ ನಿಮಗಿರುವ ಪ್ರಶ್ನೆ. ಅತ್ತೆ ಮೊದಲು ಪಾಸ್ ಎಂದು ಸುಮ್ಮನಿದ್ದು, ಬಹಳ ಆಮೇಲೆ ಎದುರಾಳಿಯ ಬಿಡ್‌ಗೆ ಅಂಕ ಇಮ್ಮಡಿಸುವ ‘ಡಬಲ್’ ಎಂದರೆ ಅದರ ಅರ್ಥವೇನಿತ್ತು? ಇವರನ್ನು ನಾನೇ ಸೋಲಿಸುತ್ತೇನೆ, ನೀವು ಬಾಯಿ ಮುಚ್ಚಿಕೊಂಡಿರಿ ಎಂದೋ? ಅಥವಾ ನನ್ನಿಂದ ಹೇಳಲಾಗಲಿಲ್ಲ, ಈಗ ನೀವಾದರೂ ಏನಾದರೂ ಹೇಳಿ ಎಂದೋ? ಇಂದಿನ ಪುಸ್ತಕಗಳಲ್ಲಿ ಇದಕ್ಕೆ ಉತ್ತರವಿದೆ, ನನಗೆ ಬೇಕಾದದ್ದು ನಿಮ್ಮ ಮನೆಯ ಉತ್ತರ. ಮಾವನನ್ನು ಕೇಳಿದರೆ, “ಅದಾ? ಅವಳ ಮುಖ ನೋಡಿದ್ರೆ ಗೊತ್ತಾಗ್ತಿತ್ತು” ಎಂದುಬಿಟ್ಟರು. ಅಂದರೆ ಇಷ್ಟು ವರ್ಷ ನನಗೆ ಪಾಠ ಹೇಳಿದವರು ತಾವು ಮಾತ್ರ ಹೆಂಡತಿಯ ಮುಖ ನೋಡಿಕೊಂಡೇ ಟ್ರೋಫಿ ಗೆದ್ದಿದ್ದಾರೆ. ಅವರ ಎದುರಿಗೇ ಜೋರಾಗಿ ನಕ್ಕೆ, ಅವರೂ ನಕ್ಕರು.

ನೀವು ಎಷ್ಟೋ ಸಲ ಆ ಮೇಜಿನಲ್ಲಿ ಅತ್ತೆಯ ಎದುರಾಳಿಯಾಗಿ ಕೂತವರು. ನೆನಪಿದ್ದರೆ ಬರೆಯಿರಿ. ನೆನಪಿಲ್ಲದಿದ್ದರೆ ನೆನಪಿಲ್ಲ ಎಂದಾದರೂ ಬರೆಯಿರಿ.

ನಾನು ಆರೋಗ್ಯವಾಗಿದ್ದೇನೆ. ಅಡುಗೆಮನೆಯ ನಲ್ಲಿ ರಿಪೇರಿಯಾಯಿತು.

ಇಂತಿ,
ನಿಮ್ಮ ತಂದೆಯ ಪಾರ್ಟ್ನರ್

ಮರೆತಿದ್ದೆ: ನೀವು ಫೋನ್ ಮಾಡಿದಾಗ ಮಾವ ‘ಕೆಲಸ ಮುಗೀತಾ, ಯಾವಾಗ ಹೊರಡ್ತೀಯಾ’ ಎಂದು ಕೇಳಿದರೆ ಗೊಂದಲ ಮಾಡಿಕೊಳ್ಳಬೇಡಿ. ನಾವು ಬೇರೆಯಾದದ್ದು ಅವರಿಗೆ ಈಗ ನೆನಪಿಲ್ಲ. ನೀವು ಕೆಲಸದ ಮೇಲೆ ಪರ ಊರಿಗೆ ಹೋಗಿದ್ದೀರಿ ಎಂದುಕೊಂಡಿದ್ದಾರೆ. ಪ್ರತಿ ಶನಿವಾರ ಕ್ಲಬ್ಬಿನಿಂದ ನಡೆದು ಬರುವಾಗ ನಿಮ್ಮನ್ನು ಕೇಳುತ್ತಾರೆ, ನಾನು ‘ಮುಂದಿನ ವಾರ ಬರ್ತಾರೆ ಮಾವ’ ಎನ್ನುತ್ತೇನೆ. ನಿನ್ನೆ ಅವರು ಕೇಳಲಿಲ್ಲ. ಅವರ ಮನೆಯ ಮೆಟ್ಟಿಲವರೆಗೂ ಕಾದು, ನಾನೇ ಹೇಳಿದೆ: ‘ಮುಂದಿನ ವಾರ ಬರ್ತಾರೆ ಮಾವ.’