ಅರ್ಧ ಸುತ್ತು ಸಡಿಲ

ಜೂನ್ 3, ಸೋಮವಾರ

ಬೆಳಿಗ್ಗೆಯಿಂದ ಮೂರನೇ ಕಾರು. ಮಾವ — ಅಮ್ಮನ ತಮ್ಮ, ಈ ಗ್ಯಾರೇಜಿನ ಚಕ್ರವರ್ತಿ — ಇಂಜಿನ್ನುಗಳ ಒಡೆಯ. ವೈರಿಂಗ್ ಖಾತೆ ನನ್ನದು. ಕಾರಿನವಳು ನರ್ಸು, ಮನೆಮನೆಗೆ ಹೋಗಿ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವವಳು. ಸ್ಟಿಯರಿಂಗ್ ಹಿಂದಿನ ಮೀಟರ್ ಬೋರ್ಡ್ ಆಗಾಗ ಸತ್ತು ಬದುಕುತ್ತದಂತೆ.

ಮಹಾಗಂಭೀರನಾಗಿ ಉಪನ್ಯಾಸ ಕೊಟ್ಟೆ. ಬೋರ್ಡಿಗೆ ಕರೆಂಟ್ ಎರಡು ದಾರಿಯಲ್ಲಿ. ಒಂದು ಬ್ಯಾಟರಿಯಿಂದ ನೇರ, ಹಗಲೂ ಇರುಳೂ — ಗಡಿಯಾರ ನಿಲ್ಲದಿರಲಿ ಎಂದು. ಇನ್ನೊಂದು ಕೀ ತಿರುಗಿಸಿದರೆ ಮಾತ್ರ. ಎರಡಕ್ಕೂ ಫ್ಯೂಸ್ ಕಾವಲು. ವಾಪಸ್ ಹೋಗಲು ಅರ್ತ್ ವೈರು, ಕಾರಿನ ಮೈಗೆ ಒಂದು ಬೋಲ್ಟಿನಲ್ಲಿ ಬಿಗಿದದ್ದು.

“ಆ ಬೋಲ್ಟು ತುಕ್ಕು ಹಿಡಿದ್ರೆ ಮೀಟರ್ ಮುಳ್ಳುಗಳೆಲ್ಲ ಕುಡಿದವರ ಥರ ಆಡ್ತವೆ, ಮೇಡಂ.”

“ಭಾಷಣ ಮುಗೀತಾ? ಬಿಗಿ ಮಾಡ್ರೀ ಇಂಜಿನಿಯರ್ರೆ.”

ನಲವತ್ತು ನಿಮಿಷ ಟಾರ್ಚ್ ಹಿಡಿದಿದ್ದಳು. ನಗುವಾಗೆಲ್ಲ ಬೆಳಕು ಅಲ್ಲಾಡುತ್ತಿತ್ತು. ತುಕ್ಕು ಕೆರೆದೆ, ವಾಷರ್ ಬದಲಿಸಿದೆ. ಕೊನೆಯ ಅರ್ಧ ಸುತ್ತು... ಬಿಗಿಯಲಿಲ್ಲ. ಬಿಗಿದರೆ ಮತ್ತೆ ಯಾಕೆ ಬರುತ್ತಾಳೆ?

ಜೂನ್ 8, ಶನಿವಾರ

ಬಂದಳು! ಹಂಪ್ ಹಾರಿದಾಗಲೆಲ್ಲ ಬೋರ್ಡ್ ಕತ್ತಲಂತೆ. ಅಯ್ಯೋ ಎಂದು ಕೆನ್ನೆ ಬಡಿದುಕೊಂಡೆ. ಮತ್ತೆ ಟಾರ್ಚು, ಮತ್ತೆ ನಗು. ಮತ್ತೆ ಅರ್ಧ ಸುತ್ತು ಸಡಿಲ.

ಮಾವ ಗುಮಾನಿಯಿಂದ ನೋಡಿದ. “ಏನೋ ಪಂಡಿತ, ಒಂದು ಬೋಲ್ಟಿಗೆ ಎಷ್ಟು ದಿನದ ಪೂಜೆ?”

ನಾನೋ, ಕೀ ತಿರುಗದಿದ್ದರೂ ಕರೆಂಟ್ ಹರಿಯುವ ಜಾತಿ. ಐದು ದಿನದಿಂದ ಗೇಟನ್ನೇ ನೋಡುತ್ತಿದ್ದೆ.

ಜೂನ್ 12, ಬುಧವಾರ

ಟೋಯಿಂಗ್ ಗಾಡಿಯ ಹಿಂದೆ ಬಂತು ಕಾರು. ರೇಡಿಯೇಟರ್ ಪೈಪು ಸೋರಿ ಇಂಜಿನ್ ಕುದಿದಿದೆ. ನಾನು ಬಿಟ್ಟ ಸಡಿಲಕ್ಕೆ ಬಿಸಿ ತೋರಿಸುವ ಮುಳ್ಳು ಸತ್ತಿತ್ತು. ಅವಳಿಗೆ ಗೊತ್ತೇ ಆಗಲಿಲ್ಲ.

“ಅಜ್ಜಿಯೊಬ್ರು ಕಾಯ್ತಿದ್ರು. ಬೆನ್ನಿಗೆ ಹುಣ್ಣು. ನಾನು ನಡ್ಕೊಂಡು ಹೋಗೋಷ್ಟರಲ್ಲಿ ಎರಡು ಗಂಟೆ ತಡ. ನೋವಲ್ಲಿ ಅಳ್ತಾ ಇದ್ರು.”

ಹೇಳಿಬಿಟ್ಟೆ. ಎಲ್ಲ. ಯಾಕೆ ಎಂಬುದನ್ನೂ.

ಬೈಯಲಿಲ್ಲ. ಹತ್ತನೇ ನಂಬರ್ ಸ್ಪ್ಯಾನರ್ ಕೇಳಿದಳು. ಬಗ್ಗಿ ಆ ಬೋಲ್ಟು ತಾನೇ ಬಿಗಿದಳು. ಟಾರ್ಚ್ ಈ ಸಲ ನನ್ನ ಕೈಯಲ್ಲಿ. ಬೆಳಕು ಅಲ್ಲಾಡಿತು — ನಗುವಿನಿಂದಲ್ಲ.

ಮಾವ ಎರಡು ದಿನ ಮಾತಾಡುವುದಿಲ್ಲವಂತೆ. ಅದನ್ನೂ ಅಮ್ಮನ ಮೂಲಕ ಹೇಳಿ ಕಳಿಸಿದ.

ಜೂನ್ 23

ಬಂದಿಲ್ಲ. ಯಾಕೆ ಬರಬೇಕು? ಕೆಲಸ ಸರಿಯಾಗಿ ಆಗಿದೆ.

ಜುಲೈ 8, ಸೋಮವಾರ, ಸಂಜೆ 6

ಸಿಗ್ನಲ್ಲಿನಲ್ಲಿ ಪಕ್ಕದಲ್ಲೇ ನಿಂತಿತ್ತು ಅವಳ ಕಾರು. ನಾನು ಸ್ಕೂಟರಿನಲ್ಲಿ. ಹೆಲ್ಮೆಟ್ಟೊಳಗೆ ಅಡಗಲು ನೋಡಿದೆ. ಕಾರಿನ ಗಾಜು ಇಳಿಯಿತು.

“ಹಾರ್ನ್ ಕೂಗ್ತಿಲ್ಲ. ಇದು ನಿಜವಾಗ್ಲೂ ಕೆಟ್ಟಿರೋದು. ಶನಿವಾರ ತರ್ತೀನಿ, ನಿಮ್ಮ ಮಾವನ ಹತ್ರಾನೇ ಮಾಡಿಸೋದು.”

“ಅಜ್ಜಿ ಹೇಗಿದಾರೆ?”

“ಗಾಯ ಮಾಗ್ತಿದೆ.”

ಹೆಲ್ಮೆಟ್ ಗಾಜು ಎತ್ತಿದೆ. “ಶನಿವಾರ ನಾನು... ಅಲ್ಲಿರಬಹುದಾ?”

ಹಸಿರು ಬಿತ್ತು. ಗೇರ್ ಹಾಕಿದಳು. ಹಿಂದಿನವರು ಹಾರ್ನ್ ಬಾರಿಸುತ್ತಿದ್ದರೂ ಒಂದು ಕ್ಷಣ ನಿಂತಳು.

“ಇರಿ. ಕೈ ಮಾತ್ರ ಜೇಬಲ್ಲಿರಲಿ.”

ಇನ್ನು ಐದು ದಿನ. ಜೇಬು ಹರಿಯದ ಪ್ಯಾಂಟು ಇರುವುದು ಒಂದೇ, ಅದನ್ನು ಅಮ್ಮ ಈಗಷ್ಟೇ ನೀರಿಗೆ ಹಾಕಿದ್ದಾಳೆ. ಈ ಮಳೆಯಲ್ಲಿ ಶನಿವಾರದೊಳಗೆ ಒಣಗೀತಾ?